ಹಳದಿ ದೀಪ ಆರಿಸಿದವನು

ನನ್ನ ಗ್ಯಾರೇಜಿನಿಂದ ಹೊರಡುವ ಯಾವ ಕಾರಿನಲ್ಲೂ ಎಚ್ಚರಿಕೆಯ ಹಳದಿ ದೀಪ ಉರಿಯಬಾರದು. ಮೂವತ್ತು ವರ್ಷದ ಹಟ ಇದು. ಕಾರನ್ನು ಒಪ್ಪಿಸುವ ಮುಂಚೆ ಡ್ರೈವರ್ ಸೀಟಿನಲ್ಲಿ ಕೂತು, ಉರಿಯುವ ಒಂದೊಂದು ದೀಪದ ಕಾರಣ ಹುಡುಕಿ ಆರಿಸುತ್ತೇನೆ. ಗಿರಾಕಿಗಳು ಬೆನ್ನ ಹಿಂದೆ ನನ್ನನ್ನು ‘ದೀಪ ಆರಿಸೋ ಮೇಸ್ತ್ರಿ’ ಅನ್ನುತ್ತಾರಂತೆ. ಅನ್ನಲಿ. ಒಳಗೊಳಗೇ ನನಗೆ ಅದರ ಜಂಬವೂ ಇತ್ತು.

ಮಗಳು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟಾಗ ಮೊಮ್ಮಗಳಿಗೆ ಆರು ತಿಂಗಳು. ಕೂಸನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಟ್ಟು ಆಫೀಸಿಗೆ ಹೋಗಬೇಕು, ಕಾರಿನಲ್ಲಿ ದೊಡ್ಡವರೆಂದರೆ ಇವಳೊಬ್ಬಳೇ. ಮಗುವಿನ ಸೀಟನ್ನು ಹಿಂದೆ ಕಟ್ಟು ಎಂದು ಅವಳ ತಲೆ ತಿಂದೆ. ಕೇಳಲಿಲ್ಲ. ಒಮ್ಮೆ ಹಾಲು ನೆತ್ತಿಗೇರಿ ಮಗು ನೀಲಿಗಟ್ಟಿತ್ತು. ಅಂದಿನಿಂದ ಅದರ ಮುಖ ಕಾಣದಿದ್ದರೆ ಅವಳಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಕೊನೆಗೆ ನಾನೇ ಸೋತು, ಮುಂದಿನ ಸೀಟಿನಲ್ಲಿ, ಬೆನ್ನು ಡ್ಯಾಶ್‌ಬೋರ್ಡಿನ ಕಡೆಗಾಗುವಂತೆ ಕಟ್ಟಿಕೊಟ್ಟೆ. ಕಾರು ಎಲ್ಲಿಗಾದರೂ ಗುದ್ದಿ ಆ ಕಡೆಯ ಏರ್‌ಬ್ಯಾಗ್ ಬಿಚ್ಚಿಕೊಂಡರೆ ನೇರ ಸೀಟಿನ ಬೆನ್ನಿಗೇ ಗುದ್ದುತ್ತದೆ, ಮಗು ಉಳಿಯುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಡ್ಯಾಶ್‌ಬೋರ್ಡಿನ ಪಕ್ಕದ ಸ್ವಿಚ್ಚಿಗೆ ಕೀಲಿ ಹಾಕಿಸಿ, ಅವಳ ಕೈಯಿಂದಲೇ ಅದನ್ನು ಬಂದ್ ಮಾಡಿಸಿದೆ. ಬಂದ್ ಆಗಿದೆ ಎನ್ನುವುದಕ್ಕೆ ಕನ್ನಡಿಯ ಮೇಲ್ಗಡೆ ಹಳದಿ ದೀಪ ಹತ್ತಿಕೊಂಡಿತು. ಇದು ಉರಿಯುತ್ತಲೇ ಇರಬೇಕು ಎಂದೆ.

ಎರಡು ತಿಂಗಳ ಮೇಲೆ ಕಾರು ಸರ್ವಿಸಿಗೆ ಬಂತು. ಕಾರ್ಪೆಟ್ ತೊಳೆಯಲು ಮಗುವಿನ ಸೀಟು ಬಿಚ್ಚಿ ಬೆಂಚಿನ ಮೇಲಿಟ್ಟೆ. ಎಣ್ಣೆ ಬದಲಾಯಿಸಿದೆ, ಬ್ರೇಕ್ ನೋಡಿದೆ, ಮಗಳ ಕಾರೆಂದು ಗಾಜನ್ನೂ ಎರಡೆರಡು ಸಲ ಒರೆಸಿದೆ. ಕಡೆಗೆ ಕೂತು ನೋಡಿದರೆ ಹಳದಿ ದೀಪ. ಕೈ ತಾನಾಗಿ ಹೋಯಿತು. ಕೀಲಿ ತಿರುಗಿಸಿದೆ, ದೀಪ ಆರಿತು. ಆಮೇಲೆ ಮಗುವಿನ ಸೀಟನ್ನು ಬಿಗಿಯಾಗಿ ಕಟ್ಟಿದವನೂ ನಾನೇ. ಮಗಳು ಏನನ್ನೂ ನೋಡಲಿಲ್ಲ. ಅಪ್ಪ ಕಟ್ಟಿಕೊಟ್ಟ ಮೇಲೆ ಅವಳು ನೋಡುವುದೇನಿದೆ?

ಐದನೆಯ ದಿನ ಬೆಳಗ್ಗೆ, ಸಿಗ್ನಲ್ ಹತ್ತಿರ, ಮುಂದಿದ್ದ ವ್ಯಾನು ಗಕ್ಕನೆ ನಿಂತಿತು. ಇವಳು ಹಿಂದಿನಿಂದ ಗುದ್ದಿದಳು. ಇವಳಿಗೆ ತರಚಿದ ಗಾಯವೂ ಆಗಲಿಲ್ಲ. ಮಗುವಿನ ತಲೆಗೆ ಪೆಟ್ಟಾಗಿತ್ತು.

ಆಸ್ಪತ್ರೆಯಲ್ಲಿ ಅಳಿಯ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: ಏರ್‌ಬ್ಯಾಗನ್ನು ಯಾವಾಗ ಆನ್ ಮಾಡಿದೆ? ನೆನಪಿಲ್ಲ ಎಂದಳು. ಸಂಜೆಯ ಹೊತ್ತಿಗೆ, ನಾನೇ ಮಾಡಿರಬೇಕು ಎಂದಳು. ಆನ್ ಮಾಡಿದ್ದು ನಾನೆಂದು ಆಗಲೇ ಹೇಳಬೇಕಿತ್ತು. ಮಗು ಕಣ್ಣು ಬಿಡಲಿ, ಆಗ ಹೇಳಿದರೆ ನಾಲ್ಕು ಬೈದು ಸುಮ್ಮನಾಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿ ನಾನು. ಮೂರು ದಿನ ಅವರಿಬ್ಬರಿಗೂ ಟೀ ತಂದುಕೊಡುತ್ತ ಹೇಡಿಯಾಗಿಯೇ ಇದ್ದೆ. ಮಗು ಕಣ್ಣು ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ಮಧ್ಯಾಹ್ನ ಅಳಿಯ ಬಟ್ಟೆ ತುಂಬಿಕೊಂಡು ಅಣ್ಣನ ಮನೆಗೆ ಹೊರಟು ನಿಂತ. ಇವಳ ಮುಖ ನೋಡಿಕೊಂಡು ಇರಲಾರೆ ಎಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಅವಳಲ್ಲಪ್ಪ, ನಾನು. ಸರ್ವಿಸ್ ದಿನ ಏರ್‌ಬ್ಯಾಗ್ ಆನ್ ಮಾಡಿದ್ದು ನಾನು.”

ಅವನು ನನ್ನನ್ನು ಕನಿಕರದಿಂದ ನೋಡಿದ.

“ಬಿಡಿ ಮಾವ, ನಿಮ್ಮ ಕೆಲಸದ ಅಚ್ಚುಕಟ್ಟು ನನಗೆ ಗೊತ್ತಿಲ್ವಾ? ಮಗಳನ್ನ ಉಳಿಸ್ಕೊಳ್ಳೋಕೆ ಹೀಗೆಲ್ಲ ಹೇಳ್ಬೇಡಿ. ನಿಜ ಆಗಿದ್ರೆ ಮೊದಲ ದಿನಾನೇ ಹೇಳ್ತಿದ್ರಿ.”

ಆಣೆ ಇಟ್ಟೆ. ಕಾರ್ಪೆಟ್ಟು, ಕೀಲಿ, ದೀಪ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಅವನು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದು ಹೋದ.

ತಿರುಗಿದರೆ ಮಗಳು ರೂಮಿನ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಬೇಡಪ್ಪ, ನನಗೋಸ್ಕರ ಸುಳ್ಳು ಹೇಳ್ಬೇಡ. ನೀನೊಬ್ಬನಾದ್ರೂ ನನ್ನ ಕೈ ಬಿಡ್ಲಿಲ್ಲವಲ್ಲ, ಅಷ್ಟು ಸಾಕು.”