ಕೂಗದ ಮಷೀನು

ಶಿಗ್ಗಾಂವಿಯ ಹಳೇ ರಸ್ತೆ, ಸಿಮೆಂಟಿನ ಅಂಗಡಿಯ ಮೇಲಿನ ಮಾಳಿಗೆ. ಮೇಲೆ ತಗಡು. ಕೆಳಗೆ ಲಾರಿ ಬಂದು ನಿಂತರೆ ಇಲ್ಲಿ ಮೇಜು ನಡುಗುತ್ತದೆ. ಕರೆಂಟು ಹೋದರೆ ಮಷೀನುಗಳಿಗೆ ಯುಪಿಎಸ್ ಇತ್ತು, ಮನುಷ್ಯರ ಫ್ಯಾನಿಗೆ ಇರಲಿಲ್ಲ. ಆ ಕಾದ ಕಾವಲಿಯಂಥ ಕೋಣೆಯಲ್ಲಿ ಕೂತು ವಾಣಿಶ್ರೀ ಹಸುಗೂಸುಗಳ ನಾಡಿ ನೋಡುವ ಮಷೀನುಗಳಿಗೆ ಕರ್ನೆಲ್ ಸರಿಮಾಡುತ್ತಿದ್ದಳು. ಕರ್ನೆಲ್ ಎಂದರೆ ಮಷೀನಿನ ಒಳಗಿನ ಯಜಮಾನಿಕೆ. ಯಾವ ಭಾಗ ಯಾವಾಗ ಮಲಗಬೇಕು, ಯಾವುದು ಮೊದಲು ಏಳಬೇಕು, ಎಲ್ಲ ಅದೇ ಹೇಳುವುದು.

ಹೊರಗಿನ ಯಜಮಾನ ಬಸವೇಶ. ಬೀಜ, ಗೊಬ್ಬರ ಮಾರಿ ಬೆಳೆದ ಮನೆತನ, ಈಗ ಆಸ್ಪತ್ರೆಗಳಿಗೆ ಮಷೀನು ಮಾರುತ್ತಿದ್ದ. ವಾಣಿಶ್ರೀ ತಡಸದಿಂದ ಕೆಲಸ ಕೇಳಿಕೊಂಡು ಬಂದ ದಿನವೇ ಅವಳ ಮೂಲ ಮಾರ್ಕ್ಸ್‌ಕಾರ್ಡುಗಳನ್ನು ಇಸಿದುಕೊಂಡು ತಿಜೋರಿಗೆ ಹಾಕಿದ್ದ.

"ನೀ ನಮ್ಮ ಮಗಳಿದ್ದಂಗ ಬಿಡು. ಮಗಳ ಒಡವಿ ಅಪ್ಪನ ತಿಜೂರ್ಯಾಗ ಇದ್ರನ ಚಲೋ" ಎಂದಿದ್ದ. ಅವತ್ತಿನಿಂದ ಆ ತಿಜೋರಿ ಕಂಡರೆ ಅವಳಿಗೆ ಅಳುಕು. ಬೇರೆ ಕಡೆ ಕೆಲಸ ಕೇಳಲು ಹೋದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಕಬ್ಬಿಣದ ಮೆಟ್ಟಿಲು ಹತ್ತಿಕೊಂಡು ಒಬ್ಬ ಹೆಂಗಸು ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಕೂಸಿನ ಮಷೀನ ಮಾಡೂದು ಇಲ್ಲೇನವ್ವಾ?" ಎಂದಳು.

ಅವಳು ಚಮನಬಿ, ಸವಣೂರಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ಆಯಾ. ಅಲ್ಲಿ ಹಿಂದಿನ ದಿನ ಮಧ್ಯಾಹ್ನ ಒಂದು ಕೂಸು ನೀಲಿಗಟ್ಟಿತ್ತು. ಮೊದಲು ಕಂಡವಳು ಚಮನಬಿ, ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದವಳೂ ಅವಳೇ. ಕೂಸು ಈಗ ಹುಬ್ಬಳ್ಳಿಯಲ್ಲಿ ಆಕ್ಸಿಜನ್ನಿನ ಮೇಲಿತ್ತು. ಆದರೆ ಮಷೀನು ತನ್ನೊಳಗೆ 'ಅಲಾರಾಂ ಕೂಗಿತು' ಎಂದು ಬರೆದುಕೊಂಡಿತ್ತು. ಕೂಗಿಯೂ ಕೇಳಲಿಲ್ಲವೆಂದರೆ ಆಯಾ ಮಲಗಿದ್ದಳು ಎಂದೇ ಎಲ್ಲರ ತೀರ್ಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ, ಸವಣೂರಲ್ಲೂ ಇದ್ದರು.

"ಕೆಲಸದಿಂದ ತಗದ್ರು. ನಾಳೆ ಪೊಲೀಸ್ನವ್ರು ಬರ್ತಾರಂತ, ನನ್ನ ಒಳಗ ಹಾಕ್ತಾರಂತ. ನಾ ಮಲಗಿದ್ದಿಲ್ಲ ಬೇಟಿ. ಅಲ್ಲೇ ನಿಂತು ಕೂಸಿನ ಅರಬಿ ಮಡಚಾಕತ್ತಿದ್ದೆ. ಅದು ಕೂಗಲಿಲ್ಲ."

ವಾಣಿಶ್ರೀ ಮೇಜಿನ ಮೇಲಿದ್ದ ಮಷೀನಿನ ನಾಡಿ ಹಿಡಿಯುವ ಪಟ್ಟಿಯನ್ನು ತನ್ನ ಬೆರಳಿಗೆ ಸುತ್ತಿ, ಬಿಚ್ಚಿದಳು. ತಗಡು ಅದುರುವ ಹಾಗೆ ಅದು ಕೂಗಿತು. ಚಮನಬಿ ಕಿವಿ ಮುಚ್ಚಿಕೊಂಡಳು.

"ನೋಡ್ರಿ ಅಕ್ಕಾ, ಕೂಗತೈತಲ್ರಿ."

"ಹಂಗಾರ ನಾನ ಸುಳ್ಳಾಡಾಕತ್ತೇನಿ?" ಚಮನಬಿಯ ದನಿ ಇಳಿಯಿತು. ಮಷೀನಿನಿಂದ ಯುಪಿಎಸ್ಸಿಗೆ ಹೋಗಿದ್ದ ವಾಯರಿನ ಕಡೆ ಕೈ ತೋರಿಸಿದಳು. "ಆವಾಗ ಕರೆಂಟ ಇದ್ದಿಲ್ಲವ್ವಾ."

ವಾಣಿಶ್ರೀ ವಾಯರ್ ಕಿತ್ತಳು. ಪಟ್ಟಿ ಸುತ್ತಿಕೊಂಡು ಕಾದಳು. ಪರದೆ ಕಪ್ಪಾಗಿ ಮಷೀನು ಮಲಗಿತು. ಪಟ್ಟಿ ಬಿಚ್ಚಿದಳು. ಮಷೀನು ಎದ್ದಿತು, ಪರದೆ ಬೆಳಗಿತು, ಕೆಂಪು ಅಕ್ಷರ ಮಿಣುಕಿತು. ದನಿ ಮಾತ್ರ ಇಲ್ಲ. ಒಳಗೆ ತೆಗೆದು ನೋಡಿದರೆ, 'ಅಲಾರಾಂ ಕೂಗಿತು' ಎಂದು ಬರೆದುಕೊಂಡಿತ್ತು.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

ವಾಯರ್ ಇದ್ದಾಗ ಆ ಮಷೀನು ಮಲಗುವುದೇ ಇಲ್ಲ. ಬ್ಯಾಟರಿಯ ಮೇಲೆ ಬಿದ್ದಾಗ ಮಾತ್ರ ಆಗಾಗ ಎದ್ದು ನಾಡಿ ನೋಡಿ ಮತ್ತೆ ಮಲಗುತ್ತದೆ, ಬ್ಯಾಟರಿ ಉಳಿಯಲಿ ಎಂದು. ಇವರ ಪರೀಕ್ಷೆಯೆಲ್ಲ ಈ ಮೇಜಿನ ಮೇಲೆ, ಯುಪಿಎಸ್ಸಿಗೆ ವಾಯರ್ ಚುಚ್ಚಿಟ್ಟೇ ಆಗಿತ್ತು. ಕರೆಂಟು ಎಂದೂ ಹೋಗದ ಮೇಜಿನ ಮೇಲೆ ಪಾಸಾದ ಮಷೀನುಗಳನ್ನು ಆಗಾಗ ಕರೆಂಟು ಹೋಗುವ ಊರುಗಳಿಗೆ ಮಾರಿದ್ದರು. ಹಾನಗಲ್ಲಿನಲ್ಲಿ ಇವೆ. ಹಿರೇಕೆರೂರಿನಲ್ಲಿ ಇವೆ. ಈಗ, ಈ ಕ್ಷಣ, ಅಲ್ಲಿ ಕರೆಂಟು ಹೋಗಿದ್ದರೆ? ಅದನ್ನು ನೆನೆದರೆ ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ನಾಳೆ ನಾನೂ ಬರ್ತೇನ್ರಿ ಅಕ್ಕಾ" ಎಂದು ಚಮನಬಿಯನ್ನು ಕಳಿಸಿ ಕೆಲಸಕ್ಕೆ ಬಿದ್ದಳು. ಊಟ ಮರೆತಳು. ಸಂಜೆಯ ಹೊತ್ತಿಗೆ ಕಾರಣ ಸಿಕ್ಕಿತು. ನಿದ್ದೆಯಿಂದ ಏಳುವಾಗ ದನಿ ಮಾಡುವ ಚಿಪ್ ಮೊದಲು ಏಳುತ್ತಿತ್ತು, ಅದಕ್ಕೆ ಕರೆಂಟು ಕೊಡುವ ಭಾಗ ಆಮೇಲೆ ಏಳುತ್ತಿತ್ತು. ಒಲೆ ಹಚ್ಚುವ ಮೊದಲೇ ಪಾತ್ರೆ ಇಟ್ಟು ಚಹಾ ಕುದಿಯಿತು ಎಂದ ಹಾಗೆ. ಕೂಗು ಎಂದು ಹೇಳಿದ ಕೂಡಲೇ ಮಷೀನು 'ಕೂಗಿತು' ಎಂದು ಬರೆದುಕೊಳ್ಳುತ್ತಿತ್ತು, ನಿಜವಾಗಿ ಕೂಗಿತೇ ಎಂದು ಕೇಳುವವರಿರಲಿಲ್ಲ. ಅವಳು ಏಳುವ ಸರದಿ ಬದಲಿಸಿದಳು. ವಾಯರ್ ಕಿತ್ತು ಮಲಗಿಸಿದಳು, ಎಬ್ಬಿಸಿದಳು. ಕೂಗಿತು. ಮತ್ತೆ ಮತ್ತೆ ಮಲಗಿಸಿ ಎಬ್ಬಿಸಿದರೂ ಕೂಗಿತು.

ಬಸವೇಶ ಎಲ್ಲ ಕೇಳಿಸಿಕೊಂಡ. ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಯಾರಿಗರ ಹೇಳೀಯೇನು?"

"ಇಲ್ರಿ ಸರ್. ಇವತ್ತ ಎಲ್ಲಾ ಕಡೆ ಫೋನ್ ಮಾಡಿ ಹೇಳೂಣ್ರಿ. ನಾನ ಊರೂರಿಗೆ ಹೋಗಿ ಹಾಕಿ ಬರ್ತೇನಿ."

"ಹುಚ್ಚಿ ಇದ್ದೀಯೇನು? ತಿದ್ದಿದ್ವಿ ಅಂದ್ರ ತಪ್ಪಿತ್ತು ಅಂತ ಒಪ್ಪಿಕೊಂಡಂಗ. ಸ್ವಲ್ಪ ದಿನಾ ಹೋಗಲಿ, ಹೊಸಾ ಮಾಡೆಲ್ಲಿನಾಗ ಹಾಕೂಣು."

"ಆ ಆಯಾನ ಒಳಗ ಹಾಕ್ತಾರಂತ್ರಿ."

"ಒಂದ ಆಯಾ ಹೋದ್ರ ಇನ್ನೊಂದ ಆಯಾ ಬರ್ತಾಳ." ಬಸವೇಶ ಮೆಲ್ಲಗೆ ತಿಜೋರಿಯ ಮೇಲೆ ಕೈ ಇಟ್ಟ. "ಅದನ್ನ ಬರದಾಕಿ ಯಾರು, ನೀನ. ಕೇಸ ಆದ್ರ ಮೊದಲ ನಿನ್ನ ಹೆಸರ ಬರತೈತಿ. ನಿಮ್ಮಪ್ಪ ತಡಸದಾಗ ತಲಿ ಎತ್ತಿ ಅಡ್ಡಾಡಬೇಕಿಲ್ಲ? ನಾಳೆ ಸವಣೂರಿಗೆ ನನ್ನ ಜೋಡಿ ಬಾ. ಸುಮ್ಮನ ನಿಂದ್ರು, ಸಾಕು."

ವಾಣಿಶ್ರೀ ತಲೆ ಅಲ್ಲಾಡಿಸಿದಳು. ಒಪ್ಪಿದ್ದಲ್ಲ, ಹೆದರಿದ್ದು. ಹೆದರಿದವರ ತಲೆ ತಾನಾಗಿಯೇ ಅಲ್ಲಾಡುತ್ತದೆ, ಸಾವ್ಕಾರರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಆದರೂ ಹೊರಡುವಾಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡಳು. ಬಸವೇಶ ಅದನ್ನು ಗಮನಿಸಲಿಲ್ಲ.

ಮರುದಿನ ಸವಣೂರಿನ ಆಸ್ಪತ್ರೆಯಲ್ಲಿ ಪೊಲೀಸ್ ಜಮಾದಾರ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಡಾಕ್ಟರು. ಚಮನಬಿ ಗೋಡೆಗೆ ಒತ್ತಿ ನಿಂತಿದ್ದಳು. ಬಾಗಿಲಲ್ಲಿ ಉಳಿದ ಆಯಾಗಳು ಗುಂಪುಗೂಡಿದ್ದರು. ಒಳಗಿನ ತೊಟ್ಟಿಲುಗಳಲ್ಲಿ ಕೂಸುಗಳು ಮಲಗಿದ್ದವು.

ಬಸವೇಶ ಆ ಕೂಸಿಗೆ ಹಚ್ಚಿದ್ದ ಮಷೀನನ್ನು ಮೇಜಿನ ಮೇಲಿಟ್ಟು ವಾಯರನ್ನು ಗೋಡೆಗೆ ಚುಚ್ಚಿದ. ಪಟ್ಟಿಯನ್ನು ಜಮಾದಾರನ ಬೆರಳಿಗೇ ಸುತ್ತಿ, ಬಿಚ್ಚಿದ. ಮಷೀನು ಕಿರುಚಿತು. ಕೂಸುಗಳು ಬೆಚ್ಚಿ ಅತ್ತವು.

"ಏನಬೇ, ಇಷ್ಟ ದೊಡ್ಡದು ಕೂಗಿದ್ದು ಕೇಳಲಿಲ್ಲ ನಿನಗ?" ಎಂದ ಜಮಾದಾರ.

ಚಮನಬಿ ವಾಣಿಶ್ರೀಯನ್ನು ನೋಡಿದಳು. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ವಾಣಿಶ್ರೀ ತಡೆದುಕೊಳ್ಳುತ್ತಿದ್ದಳೇನೋ. ಇದ್ದದ್ದು ಭಯ, ವಾಣಿಶ್ರೀಗೆ ಇದ್ದಂಥದೇ ಭಯ.

ವಾಣಿಶ್ರೀಗೆ ತಿಜೋರಿ ಕಣ್ಣಮುಂದೆ ಬಂತು. ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತ ಅಪ್ಪ ಬಂದ. ಗೋಡೆಯ ತನಕ ನಡೆದು ಹೋಗಿ ಅವಳು ವಾಯರ್ ಕಿತ್ತಳು.

"ವಾಣಿ" ಎಂದ ಬಸವೇಶ.

"ಈಗ ಮತ್ತ ಸುತ್ತಿಕೊಳ್ರಿ, ಜಮಾದಾರ್ರ. ಅದು ಮಲಗೂತನಾ ಕಾಯ್ರಿ."

ಪರದೆ ಕಪ್ಪಾಯಿತು. "ಈಗ ಬಿಚ್ರಿ" ಎಂದಳು. ಜಮಾದಾರ ಬಿಚ್ಚಿದ. ಕೆಂಪು ಅಕ್ಷರ ಮಿಣುಕಿತು, ಮಿಣುಕುತ್ತಲೇ ಇತ್ತು. ದನಿ ಬರಲಿಲ್ಲ. ಡಾಕ್ಟರು ಬಗ್ಗಿ ಮಷೀನಿಗೆ ಕಿವಿ ಹಚ್ಚಿದರು. ಅಲ್ಲಿ ಏನೂ ಇರಲಿಲ್ಲ.

"ಅವತ್ತ ಹಿಂಗ ಆಗಿದ್ದು" ಎಂದಳು ವಾಣಿಶ್ರೀ. "ಆಕಿ ಮಲಗಿದ್ದಿಲ್ಲ. ನಾವು ಮಾಡಿದ್ದ ಮಲಗಿತ್ತು. ಸರಿ ಮಾಡಿದ್ದು ನನ್ನ ಚೀಲದಾಗ ಐತಿ. ನಿನ್ನೇನ ಐತಿ. ಹಾಕಬ್ಯಾಡ ಅಂದ್ರು. ಹಾನಗಲ್ಲಿನಾಗೂ ಇಂಥಾವ ಅದಾವು."

ಬಸವೇಶನ ಮುಖ ಕಪ್ಪಿಟ್ಟಿತು. "ಬ್ಯಾಟರಿ ಇಳದೈತಿ ಅಷ್ಟ. ಆ ವಾಯರ್ ಇಲ್ಲೆ ಕೊಡು" ಎಂದು ಕೈ ಚಾಚಿದ.

ನೆಲದ ಮೇಲಿದ್ದ ವಾಯರಿನ ತುದಿಯನ್ನು ಚಮನಬಿ ಎತ್ತಿಕೊಂಡಳು, ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಳು. "ಮೊದಲ ಇದು ಕೂಗಲಿ ಸಾವ್ಕಾರ್ರ. ಆಮ್ಯಾಲೆ ಕೊಡ್ತೇನಿ."

ಬಸವೇಶ ಒಂದು ಹೆಜ್ಜೆ ಮುಂದೆ ಬಂದ. ಬಾಗಿಲಲ್ಲಿದ್ದ ಆಯಾಗಳಲ್ಲಿ ಕೆಲವರು ಯಾರೂ ಕರೆಯದೆ ಒಳಗೆ ಬಂದು ಚಮನಬಿಯ ಎರಡೂ ಬದಿಗೆ ನಿಂತರು. ಉಳಿದಿಬ್ಬರು ತೊಟ್ಟಿಲುಗಳ ಹತ್ತಿರ ಹೋಗಿ ಒಂದೊಂದು ಕೂಸಿನ ಎದೆಯ ಮೇಲೆ ಅಂಗೈ ಇಟ್ಟು ಕೂತರು. ಮಷೀನಿನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ವಾಣಿಶ್ರೀ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದು ಮಷೀನಿಗೆ ಜೋಡಿಸಿದಳು. ಅವಸರಕ್ಕೆ ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದಳು. ಜಮಾದಾರ ಈ ಸಲ ಯಾರೂ ಹೇಳದೆ ಪಟ್ಟಿ ಸುತ್ತಿಕೊಂಡ. ಪರದೆ ಕಪ್ಪಾಯಿತು. ಅವನು ಬಿಚ್ಚಿದ.

ಮಷೀನು ಕೂಗಿತು.

ಅದರ ಕೂಗಿಗೆ ಕೂಸುಗಳು ಮತ್ತೆ ಅತ್ತವು. ಯಾರೂ ಸುಮ್ಮನಾಗಿಸಲಿಲ್ಲ. ಚಮನಬಿ ವಾಯರನ್ನು ಮೇಜಿನ ಮೇಲಿಟ್ಟು, ಬಗ್ಗಿ ವಾಣಿಶ್ರೀಯ ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು.

"ಏಳು ಬೇಟಿ" ಎಂದಳು. "ಹಾನಗಲ್ಲಿನ ಬಸ್ ಬರೂ ಹೊತ್ತಾತು."