ಯಜಮಾನನ ಹೊಲದ ಹಕ್ಕಲು

ಕುಯಿಲು ಮುಗಿದ ಮೇಲೆ ಹೊಲದಲ್ಲಿ ಉದುರಿ ಉಳಿಯುತ್ತಲ್ಲ ತೆನೆ, ಅದೇ ಹಕ್ಕಲು. ಆ ಊರಲ್ಲಿ ಅದು ಹೊಲ ಇಲ್ಲದವರ ಪಾಲು. ಆದ್ರೆ ಒಂದು ಕಟ್ಟುಪಾಡು. ಹೊಲದ ನಡುವೆ ಒಂದು ಸಿವುಡು, ಅಂದ್ರೆ ತೆನೆಕಟ್ಟು, ನೆಟ್ಟಿದ್ರೆ ಯಾರೂ ಕಾಲಿಡೋ ಹಾಗಿಲ್ಲ. ಹೊಲದ ಯಜಮಾನ ಅದನ್ನ ಕಿತ್ತ ಮೇಲೇ ಒಳಗೆ.

ಹೊಲ ಇಲ್ಲದ ಮುದುಕಿ ದೊಡ್ಡಮ್ಮನಿಗೆ ಹಕ್ಕಲೇ ವರ್ಷದ ರೊಟ್ಟಿ. ಎರಡು ಮೂಟೆ ಗೋಧಿ ಆಗ್ಲಿಲ್ಲ ಅಂದ್ರೆ ಮಗಳ ಮನೆಗೆ ಹೋಗಿ ಬೀಳ್ಬೇಕು. ಅಲ್ಲಿ ಅಳಿಯ ಗೊರಕೆ ಹೊಡೆದ್ರೆ ಹೆಂಚು ಹಾರ್ತಾವೆ. ಅದಕ್ಕಿಂತ ಕೋಳಿಗೂಡು ವಾಸಿ ಅಂತಿದ್ಳು.

ಈ ಸಲ ಯಜಮಾನನ ದೊಡ್ಡ ಹೊಲದಿಂದ ಕೊನೇ ತೆನೆಗಾಡಿ ಹೋಗಿ ಒಂಬತ್ತು ದಿನ ಆದ್ರೂ ಸಿವುಡು ಮಿಸುಕಲಿಲ್ಲ. ಗುಬ್ಬಿಗಳು ತಿಂದು ತಿಂದು ಹಾರೋಕಾಗದೆ ನಡ್ಕೊಂಡು ಗೂಡಿಗೆ ಹೋಗ್ತಿದ್ವು. ಕೇಳೋಕೆ ಹೋದ ಹೆಂಗಸರನ್ನ ಯಜಮಾನ ಕೈ ಬೀಸಿ ಓಡಿಸಿದ. ಮೂರೂರಿಗೆ ಕೇಳೋ ಹಾಗೆ ಬೈತಿದ್ದ ಮನುಷ್ಯ ತುಟಿ ಬಿಚ್ಚಲಿಲ್ಲ.

ಇದರಲ್ಲೇನೋ ಇದೆ ಅಂತ ದೊಡ್ಡಮ್ಮ ಬೀದಿಗಿಳಿದಳು. ತೆನೆ ಆಯೋ ಹಾಗೇ ಮಾತನ್ನೂ ಆಯ್ದಳು, ಅವಸರ ಇಲ್ಲದೆ, ಯಾರಿಗೂ ಗೊತ್ತಾಗದ ಹಾಗೆ. ಯಜಮಾನನ ಕೆನ್ನೆ ಹಳ್ಳ ಬಿದ್ದಿದೆ, ಕತ್ತಿ ಇಳಿದ್ರೆ ಮೇಲೆ ಬರಲ್ಲ ಅಂದ ಕ್ಷೌರದವನು. ದಿನಾ ಗಟ್ಟಿ ರೊಟ್ಟಿ ಕೇಳ್ತಿದ್ದೋನು ಈಗ ಮೆತ್ತನೇದು ಮಾತ್ರ ಒಯ್ತಾನೆ ಅಂದ ರೊಟ್ಟಿ ಅಂಗಡಿಯವನು. ಗಂಜಿ ಕಾಯಿಸಿ ಕಾಯಿಸಿ ಕೈ ಬಿದ್ದು ಹೋಯ್ತು ಅಂತ ಯಜಮಾನನ ಸೊಸೆ ಬಾವಿ ಹತ್ರ ಗೊಣಗಿದಳು. ಕೊನೇ ಗಾಡಿ ತುಂಬೋವಾಗ ಎತ್ತುಗಳು ಕೂತುಬಿಡೋ ಹಾಗೆ ಬೈತಿದ್ದೋನು, ಅರ್ಧಕ್ಕೇ ಬಾಯಿಗೆ ಕೈ ಮುಚ್ಕೊಂಡು ಮನೆಗೋಡಿದ ಅಂದ ಗಾಡಿಯವನು.

ನಾಲ್ಕನ್ನೂ ಕೂಡಿಸಿಕೊಂಡು ದೊಡ್ಡಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಳು.

ಮಾರನೇ ಬೆಳಿಗ್ಗೆ ಹೊಲಕ್ಕೆ ಹೋದ್ರೆ ಯಜಮಾನ ಮಗುವಿನ ಹಾಗೆ ಅಂಬೆಗಾಲಲ್ಲಿ ಕೂಳೆ ತಡಕ್ತಾ ಇದ್ದಾನೆ. ಇವಳನ್ನ ಕಂಡು ಸಿವುಡಿನ ಕಡೆ ಬೆರಳು ತೋರಿಸಿದ.

"ಕಟ್ಟಿಸ್ಕೊಂಡ ಹಲ್ಲಿನ ಸೆಟ್ಟು ಬಿದ್ದೋಯ್ತೇನೋ ತಮ್ಮಾ?" ಅಂದಳು ಬದುವಿನ ಮೇಲೆ ನಿಂತು.

ಯಜಮಾನ ಬೀಟ್‌ರೂಟಿನ ಹಾಗೆ ಕೆಂಪಾದ. "ಯಾಲು ಹೇಲಿದ್ದು?"

"ಪೂರ್ತಿ ಯಾರೂ ಹೇಳ್ಲಿಲ್ಲಪ್ಪ. ಒಬ್ಬೊಬ್ಬರ ಬಾಯಿಂದ ಒಂದೊಂದು ಕಾಳು ಉದುರ್ತು."

ಆಮೇಲೆ ಮೆಲ್ಲಗೆ ಬುದ್ಧಿ ಹೇಳಿದಳು. ಇದು ಎರಡು ಕಣ್ಣಿನ ಕೆಲಸ ಅಲ್ಲ. ಹದಿನೆಂಟು ಹೆಂಗಸರನ್ನ ಒಳಗೆ ಬಿಡು, ಕಾಳು ನಮಗೆ, ಹಲ್ಲು ನಿಂಗೆ. ಏನು ಹುಡುಕ್ತಿದೀವಿ ಅಂತ ನಾನು ಬಾಯಿ ಬಿಡಲ್ಲ, ಕಾಳಲ್ಲದ್ದೇನು ಸಿಕ್ಕಿದ್ರೂ ನನ್ನ ಮಡಿಲಿಗೆ ಹಾಕಿ ಅಂತ ಮಾತ್ರ ಹೇಳ್ತೀನಿ.

ಯಜಮಾನ ತನ್ನ ಕರುಳೇ ಕೀಳೋ ಹಾಗೆ ಸಿವುಡು ಕಿತ್ತ.

ಸಂಜೆ ಹೊತ್ತಿಗೆ ಒಂದು ಮೂಲೆ ಬಿಟ್ರೆ ಹೊಲ ನೆಕ್ಕಿದ ತಟ್ಟೆ. ದೊಡ್ಡಮ್ಮನ ಮಡಿಲಿಗೆ ಆರು ಅಂಗಿಗುಂಡಿ, ಒಂದು ಚಮಚ, ಒಂಟಿ ಕಿವಿಯೋಲೆ ಬಂದು ಬಿದ್ವು. ಹಲ್ಲು ಮಾತ್ರ ಅವಳ ಕೈಗೇ ಸಿಕ್ತು, ಇಲಿಬಿಲದ ಬಾಯಲ್ಲಿ, ನಗ್ತಾ ಕೂತಿತ್ತು. ಎಲೆಯಲ್ಲಿ ಸುತ್ತಿ ಕೊಟ್ಟಳು.

ಯಜಮಾನ ಹೆಂಗಸರಿಗೆ ಬೆನ್ನು ತಿರುಗಿಸಿ, ಮಣ್ಣು ಕೂಡ ಒರೆಸದೆ ಬಾಯಿಗೆ ತುರುಕ್ಕೊಂಡ. ಇಷ್ಟು ದಿನದ ಬೈಗುಳ ಒಟ್ಟಿಗೆ ನುಗ್ಗಿ ಬಂತು. "ಸಾಕು, ಹೊರಡ್ರೇ ಎಲ್ಲಾ ನನ್ನ ಹೊಲದಿಂದ," ಅಂತ ಗುಡುಗಿದ.

ದೊಡ್ಡಮ್ಮನ ಎರಡನೇ ಮೂಟೆಗೆ ಇನ್ನೂ ಎರಡು ಸೇರು ಕಮ್ಮಿ ಇತ್ತು. ಬಗ್ಗಿದವಳು ತಲೆ ಎತ್ತಲಿಲ್ಲ.

"ಆ ಮೂಲೆ ಒಂದು ಉಳಿದಿದೆ ತಮ್ಮಾ. ಜೋರಾಗಿ ಕೂಗ್ಬೇಡ, ಮತ್ತೆ ಬಿದ್ರೆ ನಾಳೆ ಇಷ್ಟು ಜನರಿಗೂ ಏನು ಹುಡುಕ್ಬೇಕು ಅಂತ ಹೇಳ್ಬೇಕಾಗುತ್ತೆ."

ಯಜಮಾನ ಬಾಯಿ ಮುಚ್ಕೊಂಡ. ಅವಳು ಆ ಮೂಲೆಯನ್ನ ನಿಧಾನವಾಗಿ, ಒಂದು ಕಾಳೂ ಬಿಡದೆ ಆಯ್ದಳು.