ಇಸ್ತ್ರಿಯವಳ ಮನೆಯ ಕ್ರಿಸ್‌ಮಸ್

ಮಗಳು ಸ್ಟೂಲಿನ ಮೇಲೆ ನಿಂತು, ಬಾಗಿಲ ಮೇಲೆ ತೂಗಿದ್ದ ಕಾಗದದ ನಕ್ಷತ್ರದ ಗಂಟು ಬಿಚ್ಚುತ್ತಿದ್ದಳು.

"ಬೇಗ ಇಳಿಸೇ, ಗಾಡಿ ಬರೋ ಹೊತ್ತಾಯ್ತು," ಎಂದಳು ಕೆಳಗೆ ನಿಂತ ದೊಡ್ಡಮ್ಮ. "ನಿಮ್ಮಮ್ಮನ್ನ ಮಣ್ಣು ಮಾಡೋ ದಿನ ನಮಗೆಂಥ ಕ್ರಿಸ್‌ಮಸ್ಸು?"

"ಸಂಜೆ ಮನೆಮನೆಗೆ ಹಾಡೋರು ಬರ್ತಾರಲ್ಲ, ದೊಡ್ಡಮ್ಮ?"

"ಈ ಮನೆ ಬಿಟ್ಟು ಮುಂದೆ ಹೋಗಿ ಅಂತ ಹೇಳಿ ಕಳಿಸಿದೀನಿ."

ಶೂವಿನ ದಾರ ಕಟ್ಟಲು ಬಗ್ಗಿದ್ದ ಅಪ್ಪ ಕಟ್ಟುವುದನ್ನೇ ಮರೆತು ಕೂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದ ಅವನಿಗೆ ಇಂದು ಮನೆಯೇ ಮೆಲ್ಲಗೆ ಚಲಿಸಿ, ತಾನೊಬ್ಬ ನಿಲ್ದಾಣದಲ್ಲಿ ಉಳಿದಂತೆ ಅನಿಸುತ್ತಿತ್ತು.

ಚರ್ಚಿನಲ್ಲಿ ಮಂಜು ಕಿಟಕಿಯವರೆಗೂ ಬಂದು ನಿಂತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರೆಲ್ಲ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು.

"ಇಸ್ತ್ರಿ ಮಾಡಿದ ಹಾಸುಬಟ್ಟೆ ಬಿಸಿ ಇರೋವಾಗ್ಲೇ ಮಡಚೋಳು," ಎಂದಳು ತೀರಿಕೊಂಡವಳ ಜೊತೆ ಕೆಲಸದವಳು. "ಕೈ ಯಾಕೆ ಸುಟ್ಕೋತೀಯ ಅಂದ್ರೆ, ರೋಗಿಗೆ ಬೆಚ್ಚಗಿರ್ಲಿ ಅನ್ನೋಳು. ವಾರ್ಡಿಗೆ ಹೋಗೋಷ್ಟರಲ್ಲಿ ಅದು ತಣ್ಣಗಾಗಿರ್ತಿತ್ತು ಅನ್ನಿ!" ನಕ್ಕುಬಿಟ್ಟು, ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡಳು.

* * *

ಪ್ರತಿ ಕ್ರಿಸ್‌ಮಸ್‌ಗೂ ಇಸ್ತ್ರಿಯವಳ ಮನೆಯಲ್ಲಿ ಮೂವತ್ತು ಜನರ ಊಟ. ರಜೆ ಸಿಗದ ನರ್ಸುಗಳು, ನೆರೆಯವರು, ಯಾರೂ ಕರೆಯದವರು. ಹೋದ ವರ್ಷ ಮಾತ್ರ ಅವಳೇ ವಾರ್ಡಿನ ಮಂಚದಲ್ಲಿದ್ದಳು. ಗಂಡ ಬನ್ನಿನ ಪೊಟ್ಟಣ ಹಿಡಿದು ಪಕ್ಕದಲ್ಲಿ ಕೂತಿದ್ದ.

"ಮನೇಲಿ ಒಲೆ ಕೂಡ ಹಚ್ಚಿಲ್ಲ. ಇದೂ ಒಂದು ಹಬ್ಬಾನಾ?"

"ಯೇಸು ಹುಟ್ಟಿದಾಗ ಮೇರಿ ಒಲೆ ಮುಂದೆ ಇದ್ಲಾ? ಸುಮ್ನಿರಿ," ಎಂದು ಬನ್ನನ್ನು ನಾಲ್ಕು ಮಾಡಿ, ಪಕ್ಕದ ಮಂಚದ ಅಜ್ಜಿಗೂ ನೆಲ ಒರೆಸುವವಳಿಗೂ ಕೊಟ್ಟಿದ್ದಳು. ಆಮೇಲೆ ಅವನ ಕೈ ಹಿಡಿದು, "ರೀ, ನಾನು ಎಲ್ಲಿಗೆ ಹೋಗ್ತೀನಿ ಅಂತ ನಂಗೆ ಗೊತ್ತು. ಆಮೇಲೆ ನೀವು ಎಲ್ಲಿರ್ತೀರೋ ಅನ್ನೋದೇ ನನ್ನ ಚಿಂತೆ," ಎಂದಿದ್ದಳು.

ಅವನು ಇನ್ನೊಂದು ಕೈಯಿಂದ ಅವಳ ಹೊದಿಕೆ ಸರಿಪಡಿಸಿದ್ದ.

* * *

ಮಣ್ಣು ಮಾಡಿ ಬಂದಾಗ ಬೀದಿಯ ದೀಪಗಳು ಮಂಜಿನಲ್ಲಿ ತೇಲುತ್ತಿದ್ದವು. ಸ್ವಲ್ಪ ಹೊತ್ತಿಗೆ ದೂರದಿಂದ ಹಾಡು ಕೇಳಿತು. ಹತ್ತಿರ ಬಂತು. ತಿರುವಿನಲ್ಲಿ ತಟ್ಟನೆ ನಿಂತಿತು. ಆಮೇಲೆ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ, ಹೆಜ್ಜೆಗಳು ಮಾತ್ರ ಮನೆಯ ಮುಂದೆ ಹಾದು ಹೋಗತೊಡಗಿದವು.

ಅಪ್ಪ ಎದ್ದು ಬಾಗಿಲು ತೆರೆದ. "ಯಾಕೆ ಸುಮ್ನೆ ಹೋಗ್ತಿದೀರಿ? ಒಳಗೆ ಬನ್ನಿ."

"ಏನಪ್ಪಾ ಇದು!" ದೊಡ್ಡಮ್ಮ ಬಾಗಿಲಿಗೆ ಅಡ್ಡ ಬಂದಳು. "ಅವಳನ್ನ ಬಿಟ್ಟು ಬಂದು ಇನ್ನೂ ಒಂದು ಗಂಟೆ ಆಗಿಲ್ಲ."

"ಅಕ್ಕಾ, ಅಲ್ಲಿ ಅವಳು ಹಾಡ್ತಿರ್ತಾಳೆ. ಇಲ್ಲಿ ನಾವು ಬಾಯಿ ಮುಚ್ಕೊಂಡಿದ್ರೆ ಹೇಗೆ?"

ದೊಡ್ಡಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಕುರ್ಚಿಗಳನ್ನು ಗೋಡೆಗೆ ಸರಿಸತೊಡಗಿದಳು.

ಹಾಡುವವರು ಒಬ್ಬೊಬ್ಬರಾಗಿ ಒಳಬಂದರು. ಹಾಡು ತಗ್ಗಿದ ದನಿಯಲ್ಲಿ, ನಿದ್ದೆಯೊಳಗಿನ ಮಾತಿನಂತೆ ಶುರುವಾಯಿತು. ಅವರಲ್ಲೊಬ್ಬಳ ಹೆಗಲಲ್ಲಿ ಕೂಸು ಮಲಗಿಬಿಟ್ಟಿತ್ತು. ಎಲ್ಲಿ ಇಳಿಸಲೆಂದು ಅವಳು ಸುತ್ತ ನೋಡುತ್ತಿದ್ದಳು. ಅವನು ಕೈ ಚಾಚಿ ಕೂಸನ್ನು ಎತ್ತಿಕೊಂಡು ಒಳಕೋಣೆಗೆ ನಡೆದ.

ಹಾಸಿಗೆಯಲ್ಲಿ ಹೆಂಡತಿಯ ಮೈ ಮಾಡಿದ್ದ ತಗ್ಗು ಇನ್ನೂ ಹಾಗೇ ಇತ್ತು. ಅವನು ಕೂಸನ್ನು ಅದರಲ್ಲೇ ಮಲಗಿಸಿದ. ಅದು ಮಗ್ಗುಲಾಗಿ, ಸಣ್ಣದೊಂದು ಉಸಿರು ಬಿಟ್ಟು, ನಿದ್ದೆಯಲ್ಲೇ ಮುಷ್ಟಿ ಬಿಚ್ಚಿತು.